ಕಣ್ಣು ನೋವು ಒಂಟಿಯಾಗಿ ಬಂತಾ, ಜೊತೆ ಕಟ್ಟಿಕೊಂಡು ಬಂತಾ?

(ಮಂಡ್ಯ ತಾಲ್ಲೂಕಿನ ಹಳ್ಳಿಯೊಂದರ ಹಾಲಿನ ಡೇರಿಯಲ್ಲಿ, ಸಂಜೆ ಹಾಲು ಅಳೆದು ಮುಗಿದ ಮೇಲೆ, ಕಣ್ಣಿನ ಡಾಕ್ಟರಾಗಿ ನಾನು ಆಡಿದ ಮಾತುಗಳಿವು. ಕೇಳಲು ಬಂದವರಲ್ಲಿ ಕಬ್ಬು ಕಡಿಯುವವರು, ಆಲೆಮನೆಯಲ್ಲಿ ದುಡಿಯುವವರು, ರೇಷ್ಮೆ ಸಾಕುವವರು, ಹೈಸ್ಕೂಲ್ ಮಕ್ಕಳು, ಪೊರೆ ಆಪರೇಷನ್ ಆದ ಹಿರಿಯರು ಎಲ್ಲ ಇದ್ದರು. ಬರೆಯುವಾಗ ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳನ್ನು ಬಂದ ಹಾಗೇ ಇಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನೀವೆಲ್ಲ ಮನೆಗೆ ಹೋಗಿ ಹಸುಗೆ ಹುಲ್ಲು ಹಾಕಬೇಕು, ಗೊತ್ತು. ಹಾಗಾಗಿ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ.

ಕಣ್ಣು ನೋಯುವಾಗ ನಾವೆಲ್ಲ ನೋವು ಎಷ್ಟಿದೆ ಅಂತ ಅಳೆಯುತ್ತೇವೆ. ಜಾಸ್ತಿ ನೋವಾದರೆ ಆಸ್ಪತ್ರೆ, ಕಡಿಮೆ ಇದ್ದರೆ ನಾಳೆ ನೋಡೋಣ. ಕೈಕಾಲು ನೋವಿಗೆ ಈ ಲೆಕ್ಕ ಹೇಗೋ ನಡೆಯುತ್ತದೆ. ಕಣ್ಣಿಗೆ ನಡೆಯುವುದಿಲ್ಲ. ಕಣ್ಣಿನಲ್ಲಿ ಅತಿ ಹೆಚ್ಚು ನೋಯಿಸುವುದು ಎಷ್ಟೋ ಸಲ ತಾನಾಗಿಯೇ ವಾಸಿಯಾಗುವಂಥದ್ದು. ಕಣ್ಣನ್ನೇ ತೆಗೆಯುವಂಥ ಕೆಲವು ರೋಗಗಳು ನೋಯಿಸುವುದೇ ಇಲ್ಲ. ಅದಕ್ಕೆ ನೋವಿನ ಪ್ರಮಾಣ ಬಿಡಿ, ಅದರ ಜೊತೆ ಇನ್ನೇನು ಬಂದಿದೆ ನೋಡಿ.

ಬೈಕಿನಲ್ಲಿ ಹೋಗುವಾಗ ಕಣ್ಣಿಗೆ ಒಂದು ಧೂಳಿನ ಕಣ ಬಿತ್ತು ಅಂದುಕೊಳ್ಳಿ. ಪ್ರಾಣ ಹೋದ ಹಾಗೆ ಆಗುತ್ತದೆ. ಗಾಡಿ ನಿಲ್ಲಿಸಿ, ನೀರು ಹಾಕಿ ತೊಳೆದರೆ ಹತ್ತು ನಿಮಿಷಕ್ಕೆ ಸರಿಹೋಗುತ್ತದೆ. ಇನ್ನೊಂದು ಕಡೆ ಎಕ್ಕದ ಹಾಲು ನೋಡಿ. ಇನ್ನೇನು ರಥಸಪ್ತಮಿ ಬರುತ್ತದೆ. ತಲೆ ಮೇಲೆ, ಹೆಗಲ ಮೇಲೆ ಎಕ್ಕದ ಎಲೆ ಇಟ್ಟುಕೊಂಡು ಸ್ನಾನ ಮಾಡುವ ಮನೆಗಳು ನಮ್ಮ ಕಡೆ ಬೇಕಾದಷ್ಟಿವೆ. ಎಲೆ ಕಿತ್ತ ಕೈಯಲ್ಲೇ ಕಣ್ಣು ಉಜ್ಜಿಕೊಂಡರೆ ಅಂಥ ನೋವೇನೂ ಆಗದೇ ಇರಬಹುದು. ಸ್ವಲ್ಪ ಹೊತ್ತಾದ ಮೇಲೆ ನೋಟ ಮಂಜಾಗುತ್ತದೆ, ದೀಪದ ಸುತ್ತ ಬಣ್ಣದ ಬಳೆ ಕಾಣುತ್ತದೆ. ಆ ಹಾಲು ಕಣ್ಣಿನ ಮುಂದಿನ ಪದರದ ಒಳಮೈಗೆ ತಗುಲಿ ಅದನ್ನು ಊದಿಸಿರುತ್ತದೆ. ನೋವಿಲ್ಲವಲ್ಲ ಅಂತ ಜನ ಮಲಗಿಬಿಡುತ್ತಾರೆ. ಬೇಗ ಬಂದು ಔಷಧಿ ತಗೊಂಡರೆ ಬಹಳ ಸಲ ನೋಟ ವಾಪಸ್ ಬರುತ್ತದೆ. ಎಲೆ ಕಿತ್ತ ತಕ್ಷಣ ಸೋಪು ಹಾಕಿ ಕೈ ತೊಳೆದರೆ ಈ ರಗಳೆಯೇ ಇರುವುದಿಲ್ಲ.

ಹೀಗೇಕೆ? ಕಣ್ಣಿನ ಕರಿಗುಡ್ಡೆಯ ಮುಂದೆ ಗಾಜಿನಂಥ ಒಂದು ಪದರ ಇದೆ, ಕಾರ್ನಿಯಾ ಅಂತ. ನಡುಮಧ್ಯದಲ್ಲಿ ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್. ನಮ್ಮ ಚರ್ಮಕ್ಕೆ ಹೋಲಿಸಿದರೆ ಅದರಲ್ಲಿ ನೂರಾರು ಪಟ್ಟು ಹೆಚ್ಚು ನರದ ತುದಿಗಳಿವೆ. ಅಲ್ಲಿ ಉಗುರಿನಷ್ಟು ಬೇಡ, ಸಾಸಿವೆಯ ಕಾಲುಭಾಗ ತರಚಿದರೂ ಮನುಷ್ಯ ಕೂತಲ್ಲಿ ಕೂರಲಾರ. ಕಣ್ಣಿನ ಹಿಂದೆ ಚಿತ್ರ ಮೂಡುವ ರೆಟಿನಾಗೆ ನೋವಿನ ನರವೇ ಇಲ್ಲ. ಸಕ್ಕರೆ ಕಾಯಿಲೆಯಿಂದ ಅಲ್ಲಿ ರಕ್ತ ಸೋರಲಿ, ರೆಟಿನಾ ಹರಿದು ಕಳಚಿಕೊಳ್ಳಲಿ, ಗ್ರಹಣದ ದಿನ ಬರಿಗಣ್ಣಲ್ಲಿ ಸೂರ್ಯನನ್ನು ನೋಡಿ ಸುಟ್ಟುಹೋಗಲಿ, ಒಂದು ಚೂರೂ ನೋವಾಗುವುದಿಲ್ಲ. ಪೊರೆಯೂ ಅಷ್ಟೇ. ನಿಮ್ಮಲ್ಲಿ ವಯಸ್ಸಾದವರಿಗೆ ಡಾಕ್ಟರ್ ಎಂ. ಸಿ. ಮೋದಿಯವರ ಕಣ್ಣಿನ ಶಿಬಿರಗಳು ನೆನಪಿರಬಹುದು. ಊರೂರಿನಿಂದ ಮಕ್ಕಳ ಕೈ ಹಿಡಿದುಕೊಂಡು ಬಂದ ಜನರಿಗೆ ಪೊರೆ ಬೆಳೆದು ಕಣ್ಣು ಕಾಣದಂತೆ ಆಗಿತ್ತೇ ಹೊರತು, ಅದು ನೋಯಿಸಿರಲಿಲ್ಲ.

ಹಾಗಾದರೆ ಮನೆಯಲ್ಲಿ ಏನು ನೋಡಬೇಕು? ಮೊದಲನೆಯದು ನೋಟ. ಕಣ್ಣು ನೋವು ಅಂತ ಬಂದವರನ್ನು "ಕಾಣುತ್ತಾ?" ಅಂತ ಕೇಳಿದರೆ "ಚೆನ್ನಾಗಿ ಕಾಣುತ್ತೆ" ಅನ್ನುತ್ತಾರೆ. ಒಳ್ಳೆ ಕಣ್ಣನ್ನು ಮುಚ್ಚಿಸಿದ ಮೇಲೆ "ಅಯ್ಯೋ" ಅನ್ನುತ್ತಾರೆ. ಎರಡೂ ಕಣ್ಣು ತೆರೆದಿದ್ದಾಗ ಒಳ್ಳೆಯದು ಕೆಟ್ಟದ್ದರ ಕೆಲಸವನ್ನೂ ಮಾಡಿಬಿಡುತ್ತದೆ. ಹಾಗಾಗಿ ಗೋಡೆ ಮೇಲಿನ ಕ್ಯಾಲೆಂಡರ್ ಎದುರು ನಿಂತುಕೊಳ್ಳಿ. ಅಂಗೈಯಿಂದ ಒಂದು ಕಣ್ಣು ಮುಚ್ಚಿ, ಅದುಮಬೇಡಿ. ತಾರೀಕು ಓದಿ. ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ಓದಿ. ಕನ್ನಡಕ ಇದ್ದರೆ ಹಾಕಿಕೊಂಡೇ ಓದಿ. ನೋಯುವ ಕಣ್ಣಿಗೆ ನೋಟ ಮೊದಲಿಗಿಂತ ಕಡಿಮೆ ಆಗಿದ್ದರೆ ಅವತ್ತೇ ಹೊರಡಬೇಕು. ಓದು ಬಾರದ ಅಜ್ಜಿಯಾದರೆ ದೇವರ ಪಟ ತೋರಿಸಿ, ಸಾಕು.

ಎರಡನೆಯದು ಬೆಳಕು. ಬಾಗಿಲ ಕಡೆ ಮುಖ ಮಾಡಲು ಆಗುತ್ತಿಲ್ಲ, ಲೈಟ್ ಹಾಕಿದರೆ ಚುಚ್ಚಿದ ಹಾಗೆ ಆಗುತ್ತದೆ ಅಂದರೆ ತೊಂದರೆ ಮೇಲ್ಮೈ ದಾಟಿ ಒಳಗೆ ಹೋಗಿರಬಹುದು. ಮೂರನೆಯದು, ನೋವು ಶುರುವಾಗುವ ಮುಂಚೆ ಏನಾಯಿತು ಅನ್ನುವುದು. ಏನಾದರೂ ಬಡಿಯಿತಾ, ಬಿತ್ತಾ, ಸಿಡಿಯಿತಾ? ಇತ್ತೀಚೆಗೆ ಆಪರೇಷನ್ ಆಗಿತ್ತಾ? ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತೀರಾ? ಇವುಗಳ ಜೊತೆ ವಾಂತಿ, ವಿಪರೀತ ತಲೆನೋವು, ಕರಿಗುಡ್ಡೆ ಮೇಲೆ ಬಿಳಿ ಚುಕ್ಕೆ, ಒಂದು ಎರಡಾಗಿ ಕಾಣುವುದು, ರೆಪ್ಪೆ ಜೋತುಬೀಳುವುದು. ಈ ಯಾವುದೂ ಇಲ್ಲದೆ ಬರಿ ಉರಿ, ನವೆ, ಕೊರೆತ ಅಂದರೆ ಒಂದೆರಡು ದಿನ ಕಾಯಬಹುದು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಮಾತ್ರ ಅಷ್ಟೂ ಕಾಯಬಾರದು. ಲೆನ್ಸ್ ತೆಗೆದು ಅವತ್ತೇ ತೋರಿಸಬೇಕು. ಹಾಕಿಕೊಂಡೇ ಮಲಗುವುದು, ನಲ್ಲಿ ನೀರಲ್ಲಿ ತೊಳೆಯುವುದು, ಎರಡೂ ಹುಣ್ಣಿಗೆ ದಾರಿ.

ಈಗ ನಮ್ಮ ಊರಿನ ರೋಗಕ್ಕೆ ಬರುತ್ತೇನೆ. ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ತಗೊಳ್ಳುತ್ತೇನೆ, ಯಾಕೆಂದರೆ ಮಂಡ್ಯದಲ್ಲಿ ಕಣ್ಣು ಹೋಗುವ ದಾರಿಗಳಲ್ಲಿ ಇದು ನನ್ನ ಮಟ್ಟಿಗೆ ಅತ್ಯಂತ ಹೊಟ್ಟೆ ಉರಿಸುವಂಥದ್ದು. ದುಡಿಯುವ ವಯಸ್ಸಿನವರಿಗೆ ಬರುತ್ತದೆ, ತಪ್ಪಿಸಬಹುದಾದದ್ದು, ಆದರೂ ಬರುತ್ತದೆ.

ಕಬ್ಬಿನ ಗರಿಯ ಅಂಚು ಹೇಗಿರುತ್ತದೆ ಅಂತ ನಾನು ನಿಮಗೆ ಹೇಳಬೇಕಾಗಿಲ್ಲ. ಸೋಗೆ ಬಿಡಿಸುವಾಗ ಅದು ಕಣ್ಣಿಗೆ ಸರಕ್ಕನೆ ಬಡಿಯುತ್ತದೆ. ಒಂದು ದಿನ ನೀರು ಸುರಿಯುತ್ತದೆ, ಮಾರನೇ ದಿನ ಕಡಿಮೆ ಆಗುತ್ತದೆ. ಕಾರ್ನಿಯಾ ಮೇಲಿನ ಸಣ್ಣ ತರಚು ಸಾಮಾನ್ಯವಾಗಿ ಒಂದರಿಂದ ಮೂರು ದಿನಕ್ಕೆ ಮುಚ್ಚಿಕೊಳ್ಳುತ್ತದೆ, ಅದು ನಿಜ. ಆದರೆ ಸೊಪ್ಪುಸದೆಯ ಮೇಲೆ, ಮಣ್ಣಿನಲ್ಲಿ ಫಂಗಸ್ ಇರುತ್ತದೆ. ಫ್ಯುಸೇರಿಯಂ, ಆಸ್ಪರ್ಜಿಲ್ಲಸ್ ಅಂತ ಅವುಗಳ ಹೆಸರು. ನಮ್ಮ ದಕ್ಷಿಣ ಭಾರತದ ಬಿಸಿಲು, ತೇವ ಅವಕ್ಕೆ ಚೆನ್ನಾಗಿ ಒಗ್ಗುತ್ತದೆ. ಗರಿ ಗೀರಿದ ಜಾಗದಲ್ಲಿ ಅದು ಬಿತ್ತನೆಯಾಗಿ ಬಿಡುತ್ತದೆ. ಕಾರ್ನಿಯಾದಲ್ಲಿ ರಕ್ತನಾಳ ಇಲ್ಲ. ಹಾಗಾಗಿ ದೇಹದ ಕಾವಲು ಅಲ್ಲಿಗೆ ತಲುಪುವುದೇ ನಿಧಾನ.

ಫಂಗಸ್ ಹುಣ್ಣಿನ ಮೋಸ ಏನು ಗೊತ್ತಾ? ಹುಣ್ಣು ಕಾಣುವಷ್ಟು ದೊಡ್ಡದಿದ್ದರೂ ನೋವು ಅಷ್ಟು ಇರುವುದಿಲ್ಲ. ವಾರ ಕಳೆಯುತ್ತದೆ. "ಏನೋ ಸ್ವಲ್ಪ ಕೆಂಪಿದೆ, ಕೊರೀತದೆ ಸಾ" ಅಂತ ಮೆಡಿಕಲ್ ಸ್ಟೋರಿನಲ್ಲಿ ಹೇಳುತ್ತಾರೆ. ಅಲ್ಲಿ ಒಂದು ಡ್ರಾಪ್ಸ್ ಸಿಗುತ್ತದೆ. ಹಾಕಿದ ಮಾರನೇ ದಿನಕ್ಕೇ ಕಣ್ಣು ಬೆಳ್ಳಗೆ, ನೋವು ಮಾಯ. ಒಳ್ಳೆ ಔಷಧಿ ಅಂತ ಪಕ್ಕದ ಮನೆಯವರಿಗೂ ಹೇಳುತ್ತಾರೆ. ಆ ಬಾಟಲಿಯ ಮೇಲಿನ ಸಣ್ಣಕ್ಷರ ಓದಿದರೆ ಡೆಕ್ಸಾಮೆಥಸೋನ್ ಅಂತಲೋ, ಪ್ರೆಡ್ನಿಸೊಲೋನ್ ಅಂತಲೋ, ಬೀಟಾಮೆಥಸೋನ್ ಅಂತಲೋ ಇರುತ್ತದೆ. ಇವೆಲ್ಲ ಸ್ಟೆರಾಯ್ಡ್. ಕೆಂಪು, ನೋವು ಅಂದರೆ ದೇಹ ಹೊಡೆದಾಡುತ್ತಿದೆ ಅಂತ ಅರ್ಥ. ಸ್ಟೆರಾಯ್ಡ್ ಆ ಹೊಡೆದಾಟ ನಿಲ್ಲಿಸುತ್ತದೆ. ಇನ್ನು ಫಂಗಸ್ಸಿಗೆ ಕೇಳುವವರೇ ಇಲ್ಲ.

ಸ್ಟೆರಾಯ್ಡ್ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಬೇರೆ ಕೆಲವು ಕಾಯಿಲೆಗೆ ಅದನ್ನು ನಾನೇ ಬರೆದುಕೊಡುತ್ತೇನೆ. ಆದರೆ ಪರೀಕ್ಷೆ ಮಾಡಿದ ಮೇಲೆ. ಪರೀಕ್ಷೆ ಅಂದರೆ ದೊಡ್ಡದೇನಲ್ಲ. ಫ್ಲೋರೆಸಿನ್ ಅಂತ ಕಿತ್ತಳೆ ಬಣ್ಣದ ತುದಿಯ ಒಂದು ಕಾಗದದ ಪಟ್ಟಿ ಇರುತ್ತದೆ. ಅದಕ್ಕೆ ಒಂದು ತೊಟ್ಟು ನೀರು ಮುಟ್ಟಿಸಿ, ಕೆಳರೆಪ್ಪೆ ಒಳಗೆ ತಾಕಿಸಿ, ಎರಡು ಸಲ ಕಣ್ಣು ಮಿಟುಕಿಸಿ ಅನ್ನುತ್ತೇವೆ. ಆಮೇಲೆ ರೂಮಿನ ಲೈಟ್ ಆರಿಸಿ ನೀಲಿ ಬೆಳಕು ಬಿಡುತ್ತೇವೆ. ಕಾರ್ನಿಯಾ ಚೆನ್ನಾಗಿದ್ದರೆ ಬಣ್ಣ ಜಾರಿಹೋಗುತ್ತದೆ. ತರಚಿದ್ದರೆ ಅಷ್ಟು ಜಾಗ ಮಾತ್ರ ಹಸಿರಾಗಿ ಹೊಳೆಯುತ್ತದೆ. ಅದರ ಆಕಾರ ನೋಡಿಯೇ ಎಷ್ಟೋ ವಿಷಯ ತಿಳಿಯುತ್ತದೆ. ಮೇಲಿಂದ ಕೆಳಗೆ ಸಣ್ಣ ಸಣ್ಣ ಗೀರು ಸಾಲಾಗಿ ಇದ್ದರೆ ಕಸ ಮೇಲಿನ ರೆಪ್ಪೆ ಒಳಗೆ ಅಂಟಿಕೊಂಡಿದೆ, ಪ್ರತಿ ಸಲ ಮಿಟುಕಿಸುವಾಗಲೂ ಕೆರೆಯುತ್ತಿದೆ ಅಂತ. ರೆಪ್ಪೆ ಮಗುಚಿದರೆ ಸಿಕ್ಕಿಬಿಡುತ್ತದೆ. ಕೊಂಬೆ ಕೊಂಬೆಯಾಗಿ ಗೀರು ಇದ್ದರೆ ಹರ್ಪಿಸ್ ವೈರಸ್, ಅದಕ್ಕೂ ಸ್ಟೆರಾಯ್ಡ್ ಹಾಕಿದರೆ ಕೆಟ್ಟಿತು. ಹುಣ್ಣೇ ಆಗಿದ್ದರೆ ಮರಗಟ್ಟುವ ಡ್ರಾಪ್ಸ್ ಹಾಕಿ, ಅದರ ಅಂಚನ್ನು ಚೂರು ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡುತ್ತೇವೆ. ಫಂಗಸ್ ಅಂತ ಗೊತ್ತಾದರೆ ನಟಾಮೈಸಿನ್ ಅನ್ನುವ ಡ್ರಾಪ್ಸ್ ಶುರು. ಮೊದಮೊದಲು ಗಂಟೆಗೊಂದು ಸಲ, ಆಮೇಲೆ ವಾರಗಟ್ಟಲೆ.

ಒಕ್ಕಣೆ ಕಾಲದಲ್ಲಿ ಇನ್ನೊಂದು. ಬತ್ತ ತೂರುವಾಗ ಹೊಟ್ಟು ಹಾರಿ ಕಣ್ಣಿಗೆ ಬೀಳುತ್ತದೆ. ಹೊಟ್ಟು ಒಂದು ಕಡೆ ಗುಳಿ, ಒಂದು ಕಡೆ ಉಬ್ಬು. ಗುಳಿಯ ಕಡೆ ಕರಿಗುಡ್ಡೆಗೆ ಕಚ್ಚಿಕೊಂಡರೆ ತೊಳೆದರೂ ಬರುವುದಿಲ್ಲ. ಮೊದಲು ಕೊರೆಯುತ್ತದೆ, ಆಮೇಲೆ ಹೊಂದಿಕೊಂಡುಬಿಡುತ್ತದೆ. ಕಣ್ಣಲ್ಲಿ ಏನೋ ಗಡ್ಡೆ ಬೆಳೆದಿದೆ ಅಂತ ಗಾಬರಿಯಿಂದ ಬಂದವರ ಕಣ್ಣಲ್ಲಿ ಹೊಟ್ಟು ಸಿಕ್ಕಿದ್ದೂ ಉಂಟು.

ಗರಿಯಾಗಲಿ, ಹೊಟ್ಟಾಗಲಿ, ಬಡಿದ ದಿನವೇ ಏನು ಮಾಡಬಹುದು? ಇದಕ್ಕೆ ಒಂದು ಒಳ್ಳೆಯ ಉತ್ತರ ನೇಪಾಳದಿಂದ ಬಂದಿದೆ. ಅಲ್ಲಿನ ಭಕ್ತಪುರದ ಹಳ್ಳಿಗಳಲ್ಲಿ ಆರೋಗ್ಯ ಕಾರ್ಯಕರ್ತರಿಗೆ ಕಣ್ಣಿನ ತರಚು ಗುರುತಿಸುವುದನ್ನು ಕಲಿಸಿದರು. ತರಚು ಕಂಡರೆ ಕ್ಲೋರಾಂಫೆನಿಕಾಲ್ ಮುಲಾಮು, ದಿನಕ್ಕೆ ಮೂರು ಸಲ, ಮೂರು ದಿನ. ಅಷ್ಟೇ. 2001ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಪೆಟ್ಟಾದ 18 ಗಂಟೆಯೊಳಗೆ ಮುಲಾಮು ಶುರು ಮಾಡಿದ ಯಾರಿಗೂ ಹುಣ್ಣಾಗಲಿಲ್ಲ. ತಡ ಮಾಡಿದವರಲ್ಲಿ ಕೆಲವರಿಗೆ ಆಯಿತು. ಇದರಲ್ಲಿ ಸ್ಟೆರಾಯ್ಡ್ ಇರಲಿಲ್ಲ ಅನ್ನುವುದನ್ನು ಗಮನಿಸಿ. ಹಾಗಂತ ನೀವೇ ಮುಲಾಮು ಕೊಂಡು ಹಚ್ಚಿಕೊಳ್ಳಿ ಅನ್ನುತ್ತಿಲ್ಲ. ಗರಿ ಬಡಿದ ಸಂಜೆಯೇ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ತೋರಿಸಿ. ಕೂಲಿ ಹೋಗುತ್ತದೆ ಅಂತ ವಾರ ಮುಂದೂಡಿದರೆ ಆಮೇಲೆ ತಿಂಗಳುಗಟ್ಟಲೆ ಕೂಲಿ ಹೋಗುತ್ತದೆ. ಕಬ್ಬು ಕಡಿಯುವಾಗ, ಬತ್ತ ತೂರುವಾಗ ಒಂದು ಸಾದಾ ಪ್ಲಾಸ್ಟಿಕ್ ಕನ್ನಡಕ ಹಾಕಿಕೊಂಡರೆ ಇಷ್ಟು ಮಾತೇ ಬೇಕಾಗಿಲ್ಲ. ಬೆವರಿಗೆ ಮಂಜಾಗುತ್ತದೆ ಅಂತ ತೆಗೆದಿಡುತ್ತಾರೆ, ನನಗೂ ಗೊತ್ತು. ಪಕ್ಕದಲ್ಲಿ ತೂತು ಇರುವುದನ್ನು ನೋಡಿ ತಗೊಳ್ಳಿ.

ಇನ್ನು ಸುಣ್ಣ. ಇದೊಂದರಲ್ಲಿ ಮಾತ್ರ ಡಾಕ್ಟರ ಹತ್ತಿರ ಓಡಬೇಡಿ. ಮೊದಲು ನಲ್ಲಿ ಹತ್ತಿರ ಓಡಿ.

ನಮ್ಮಲ್ಲಿ ಸುಣ್ಣ ಎಲ್ಲೆಲ್ಲಿ ಇದೆ ನೋಡಿ. ಆಲೆಮನೆಯಲ್ಲಿ ಕಬ್ಬಿನ ಹಾಲು ತಿಳಿಯಾಗಲು ಕೊಪ್ಪರಿಗೆಗೆ ಸುಣ್ಣ ಹಾಕುತ್ತಾರೆ. ರೇಷ್ಮೆ ಮನೆಯಲ್ಲಿ ಬ್ಲೀಚಿಂಗ್ ಪೌಡರ್ ಜೊತೆ ಸುಣ್ಣದ ಪುಡಿ ಎರಚುತ್ತಾರೆ. ಎಲೆ ಅಡಿಕೆ ಚೀಲದಲ್ಲಿ ಸುಣ್ಣದ ಪ್ಯಾಕೆಟ್ ಇರುತ್ತದೆ. ಮಗು ಅದನ್ನು ಹಿಚುಕುತ್ತದೆ, ಪಚಕ್ಕನೆ ಕಣ್ಣಿಗೆ ಹಾರುತ್ತದೆ. ಆಸಿಡ್ ಬಿದ್ದರೆ ಕಾರ್ನಿಯಾದ ಮೇಲ್ಪದರ ಹೆಪ್ಪುಗಟ್ಟಿ ಎಷ್ಟೋ ಮಟ್ಟಿಗೆ ತಡೆ ಆಗುತ್ತದೆ. ಸುಣ್ಣ ಹಾಗಲ್ಲ, ಕರಗಿಸಿಕೊಂಡು ಒಳಗೆ ಇಳಿಯುತ್ತಲೇ ಹೋಗುತ್ತದೆ. ಪುಡಿ ರೆಪ್ಪೆ ಸಂದಿಯಲ್ಲಿ ಉಳಿದರೆ ಗಂಟೆಗಟ್ಟಲೆ ಸುಡುತ್ತದೆ. ಬೈಕ್ ತೆಗೆದು ಮಂಡ್ಯ ಆಸ್ಪತ್ರೆಗೆ ಬರುವ ಅರ್ಧ ಗಂಟೆಯಲ್ಲಿ ಆಗಬೇಕಾದ ಹಾನಿ ಆಗಿಬಿಟ್ಟಿರುತ್ತದೆ.

ಬಿದ್ದ ಆ ಕ್ಷಣವೇ ಕುಡಿಯುವ ನೀರೋ, ನಲ್ಲಿ ನೀರೋ, ಬೋರ್‌ವೆಲ್ ನೀರೋ, ಯಾವುದು ಕೈಗೆ ಸಿಗುತ್ತದೋ ಅದನ್ನು ಹರಿಸಬೇಕು. ತಲೆಯನ್ನು ನೋಯುವ ಕಣ್ಣಿನ ಕಡೆ ವಾಲಿಸಿ, ಆ ನೀರು ಇನ್ನೊಂದು ಕಣ್ಣಿಗೆ ಹೋಗಬಾರದು. ಒಬ್ಬರು ರೆಪ್ಪೆ ಬಿಡಿಸಿ ಹಿಡಿಯಬೇಕು, ಇನ್ನೊಬ್ಬರು ಚೊಂಬಿನಿಂದ ಸುರಿಯಬೇಕು. ಮಗು ಕಿರುಚುತ್ತದೆ, ಮನಸ್ಸು ಗಟ್ಟಿ ಮಾಡಿಕೊಳ್ಳಿ. ಕಣ್ಣನ್ನು ಮೇಲೆ, ಕೆಳಗೆ, ಪಕ್ಕಕ್ಕೆ ಆಡಿಸಲು ಹೇಳಿ. ಕಡಿಮೆ ಅಂದರೂ ಕಾಲು ಗಂಟೆ, ಸಾಧ್ಯವಾದರೆ ಅರ್ಧ ಗಂಟೆ. ಸುಣ್ಣಕ್ಕೆ ನಿಂಬೆಹಣ್ಣು ಸರಿ ಅಂತ ಹುಳಿ ಹಿಂಡುವ ಬುದ್ಧಿವಂತರಿದ್ದಾರೆ, ಅವರನ್ನು ದೂರ ಇಡಿ. ತೊಳೆದ ಮೇಲೆ ನೋವು ನಿಂತರೂ ಆಸ್ಪತ್ರೆಗೆ ಬರಲೇಬೇಕು. ರೆಪ್ಪೆ ಮಗುಚಿ ಉಳಿದ ಚೂರು ತೆಗೆಯುವುದು ನಮ್ಮ ಕೆಲಸ.

ಕಬ್ಬಿಣ ವಿಷಯದಲ್ಲಿ ಇದಕ್ಕೆ ಉಲ್ಟಾ. ಸುತ್ತಿಗೆಯಿಂದ ಉಳಿ ಹೊಡೆಯುವಾಗ, ಗ್ರೈಂಡರ್ ಹಿಡಿದಾಗ ಸಿಡಿದ ಚೂರು ಕಣ್ಣಿನ ಒಳಕ್ಕೇ ಹೊಕ್ಕಿರಬಹುದು. ಹೊಕ್ಕ ತೂತು ಕಾಣದಷ್ಟು ಸಣ್ಣದು, ನೋವೂ ಅಷ್ಟಕ್ಕಷ್ಟೆ. ಅಂಥ ಕಣ್ಣನ್ನು ಉಜ್ಜಬಾರದು, ಒತ್ತಬಾರದು, ನೀರು ರಭಸದಿಂದ ಹಾಕಬಾರದು. ವೆಲ್ಡಿಂಗ್ ಬೆಳಕು ಬರಿಗಣ್ಣಿಗೆ ಬಿದ್ದದ್ದಾದರೆ ಆರು, ಎಂಟು ಗಂಟೆ ಬಿಟ್ಟು, ರಾತ್ರಿ ಮಲಗಿದ ಮೇಲೆ ಮರಳು ತುಂಬಿದ ಹಾಗೆ ಉರಿ ಶುರುವಾಗುತ್ತದೆ. ನೋವು ಭಯಂಕರ, ಅಪಾಯ ಕಡಿಮೆ. ಒಂದೆರಡು ದಿನಕ್ಕೆ ಬಹುಮಟ್ಟಿಗೆ ವಾಸಿ. ಮರಗಟ್ಟಿಸುವ ಡ್ರಾಪ್ಸ್ ಜೇಬಲ್ಲಿ ಇಟ್ಟುಕೊಂಡು ಹಾಕುವ ವೆಲ್ಡರ್‌ಗಳಿದ್ದಾರೆ. ದಯವಿಟ್ಟು ಬೇಡ. ಅದು ಗಾಯ ಒಣಗಲು ಬಿಡುವುದಿಲ್ಲ, ಪದೇ ಪದೇ ಹಾಕಿದರೆ ಕಾರ್ನಿಯಾ ಕರಗುತ್ತದೆ.

ಈಗ ಹೆಂಗಸರು ಸ್ವಲ್ಪ ಕೇಳಿಸಿಕೊಳ್ಳಿ. ಐವತ್ತು ದಾಟಿದ ಅಮ್ಮನಿಗೆ ಸಂಜೆ ಹೊತ್ತಿಗೆ ಇದ್ದಕ್ಕಿದ್ದ ಹಾಗೆ ಅರ್ಧ ತಲೆ ಸಿಡಿಯುತ್ತದೆ, ಎರಡು ಮೂರು ಸಲ ವಾಂತಿ. ಮನೆಯವರು ಗ್ಯಾಸ್ಟ್ರಿಕ್ ಅಂತ ಮಾತ್ರೆ ಕೊಡುತ್ತಾರೆ, ಪಿತ್ತ ಅಂತ ನಿಂಬೆ ಪಾನಕ ಮಾಡಿಕೊಡುತ್ತಾರೆ. ಆಸ್ಪತ್ರೆಗೆ ಹೋದರೂ ಹೊಟ್ಟೆಗೇ ಇಂಜೆಕ್ಷನ್ ಆಗಿ ವಾಪಸ್ ಬಂದದ್ದುಂಟು. ಯಾರೂ ಕಣ್ಣು ನೋಡಿರುವುದಿಲ್ಲ. ಟಾರ್ಚ್ ಬಿಟ್ಟು ನೋಡಿದರೆ ಒಂದು ಕಣ್ಣು ಕೆಂಪಾಗಿದೆ, ಕರಿಗುಡ್ಡೆ ಮಂಜು ಮಂಜು, ಪಾಪೆ ಅರ್ಧ ಅರಳಿಕೊಂಡು ನಿಂತುಬಿಟ್ಟಿದೆ, ಬೆಳಕಿಗೆ ಕಿರಿದಾಗುತ್ತಿಲ್ಲ. ಇದು ಗ್ಲಾಕೋಮಾದ ದಿಢೀರ್ ಹೊಡೆತ.

ಕಣ್ಣಿನೊಳಗೆ ಸದಾ ಒಂದು ನೀರು ಊರುತ್ತಾ, ಅಂಚಿನ ಸಂದಿಯಿಂದ ಹೊರಗೆ ಹೋಗುತ್ತಾ ಇರುತ್ತದೆ. ಕೆಲವರಿಗೆ ಆ ಸಂದಿ ಹುಟ್ಟಿನಿಂದಲೇ ಕಿರಿದು. ಮಬ್ಬು ಬೆಳಕಲ್ಲಿ ಪಾಪೆ ಅರಳಿದಾಗ ಸಂದಿ ಮುಚ್ಚಿಕೊಳ್ಳುತ್ತದೆ. ನಾಲೆ ನೀರು ಬರುತ್ತಲೇ ಇದ್ದು ತೂಬು ಕಟ್ಟಿಕೊಂಡರೆ ಗದ್ದೆ ಬದು ಏನಾಗುತ್ತದೋ ಅದೇ ಕಣ್ಣಿನ ಹಿಂದಿನ ನರಕ್ಕೂ ಆಗುತ್ತದೆ. ಕಣ್ಣಿನ ಒತ್ತಡ ಮಾಮೂಲಾಗಿ 10ರಿಂದ 21 ಇರುತ್ತದೆ. ಈ ಹೊಡೆತದಲ್ಲಿ 50, 60 ಮುಟ್ಟುತ್ತದೆ. ಬೆಳಗಾಗಲಿ ಅಂತ ಕಾಯುವಂಥದ್ದಲ್ಲ. ನಲವತ್ತು ದಾಟಿದವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಪ್ಲಸ್ ಪವರ್ ಕನ್ನಡಕದವರಲ್ಲಿ ಇದು ಜಾಸ್ತಿ. ಕೆಲವು ನೆಗಡಿ ಮಾತ್ರೆಗಳೂ ಇದನ್ನು ಕೆರಳಿಸಬಹುದು. ಒತ್ತಡ ಇಳಿಸಿದ ಮೇಲೆ ಲೇಸರ್‌ನಿಂದ ಒಳಗೆ ಸಣ್ಣ ತೂತು ಮಾಡಿ ನೀರಿಗೆ ಬೇರೆ ದಾರಿ ಮಾಡಿಕೊಡುತ್ತೇವೆ. ಇನ್ನೊಂದು ಕಣ್ಣಿಗೂ ಮುಂಚಿತವಾಗಿಯೇ ಮಾಡುತ್ತೇವೆ. ವಾಂತಿಯ ಜೊತೆ ಒಂದೇ ಕಡೆ ತಲೆನೋವು ಅಂದರೆ ಒಂದು ಸಲ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿ, ನಾನು ಕೇಳುವುದು ಇಷ್ಟೇ.

ಉಳಿದವನ್ನು ಬೇಗ ಬೇಗ ಹೇಳುತ್ತೇನೆ. ಪೊರೆ ಆಪರೇಷನ್ ಆದ ಮೇಲೆ ನೋವು ದಿನದಿಂದ ದಿನಕ್ಕೆ ಕಡಿಮೆ ಆಗಬೇಕು. ಎರಡನೇ ದಿನವೋ ವಾರದೊಳಗೋ ನೋವು ಜಾಸ್ತಿಯಾಗಿ ನೋಟ ಇಳಿದರೆ ಒಳಗೆ ಕೀವಾಗಿರಬಹುದು. ಮುಂದಿನ ಚೆಕಪ್ ಸೋಮವಾರ ಇದೆ ಅಂತ ಕಾಯಬೇಡಿ. ಕಣ್ಣು ಹೊರಳಿಸಿದರೆ ನೋವು, ಜೊತೆಗೆ ನೋಟ ಕಡಿಮೆ, ಕೆಂಪು ಬಣ್ಣ ಮಾಸಿದ ಹಾಗೆ ಕಾಣುತ್ತದೆ ಅಂದರೆ ಕಣ್ಣಿನ ನರ ಊದಿರಬಹುದು. ಹೊರಗಿಂದ ನೋಡಿದರೆ ಕಣ್ಣು ಚೆನ್ನಾಗಿಯೇ ಇರುತ್ತದೆ, ಬಹುಪಾಲು ಹರೆಯದವರಿಗೆ ಬರುತ್ತದೆ. ಬೆಳಕು ಕಂಡರಾಗದೆ, ಕರಿಗುಡ್ಡೆ ಸುತ್ತ ಕೆಂಪಾಗಿ, ಒಳಗೆ ಸೆಳೆತ ಇದ್ದರೆ ಯುವಿಯೈಟಿಸ್, ಅಂದರೆ ಕಣ್ಣಿನ ಒಳಗಿನ ಉರಿಯೂತ. ಬೆಳಗ್ಗೆ ಏಳುವಾಗ ಸೊಂಟ ಮರದ ಹಾಗೆ ಬಿಗಿಯುವ ಹುಡುಗರಿಗೆ ಇದು ಮತ್ತೆ ಮತ್ತೆ ಬರುವುದುಂಟು, ಸೊಂಟದ ವಿಷಯವನ್ನೂ ಡಾಕ್ಟರಿಗೆ ಹೇಳಿ. ಮಕ್ಕಳಿಗೆ ಜ್ವರದ ಜೊತೆ ರೆಪ್ಪೆ ಊದಿಕೊಂಡು, ಕಣ್ಣುಗುಡ್ಡೆ ಮುಂದೆ ಬಂದ ಹಾಗೆ ಕಂಡರೆ ಅವತ್ತೇ. ಸಕ್ಕರೆ ಕಾಯಿಲೆ ಇದ್ದವರಿಗೆ ಕೆನ್ನೆ ನೋವು, ಮೂಗಿನಿಂದ ಕಪ್ಪು ಕಸರು, ಕಣ್ಣು ಊತ ಬಂದರೆ 2021ರಲ್ಲಿ ಕೊರೊನಾ ಜೊತೆ ಬಂದ ಕಪ್ಪು ಫಂಗಸ್ ನೆನಪಿಸಿಕೊಳ್ಳಿ.

ಸರ್ಪಸುತ್ತಿನ ಬಗ್ಗೆ ಎರಡು ಮಾತು ಜಾಸ್ತಿ ಹೇಳಬೇಕು. ಹಣೆಯ ಒಂದೇ ಭಾಗದಲ್ಲಿ ಮೊದಲು ಉರಿ, ಆಮೇಲೆ ಗುಳ್ಳೆ. ಜನ ಕೆಮ್ಮಣ್ಣು ಹಚ್ಚಿ, ಮಂತ್ರ ಹಾಕಿಸಿ ಕೂರುತ್ತಾರೆ. ಮಂತ್ರಕ್ಕೆ ನನ್ನ ತಕರಾರಿಲ್ಲ, ಕಳೆಯುವ ದಿನಗಳ ಬಗ್ಗೆ ಇದೆ. ವೈರಸ್ಸಿಗೆ ಕೊಡುವ ಮಾತ್ರೆಯನ್ನು ಗುಳ್ಳೆ ಎದ್ದ 72 ಗಂಟೆಯೊಳಗೆ ಶುರು ಮಾಡಿದರೆ ಒಳ್ಳೆಯದು. ಗುಳ್ಳೆ ಮೂಗಿನ ತುದಿಗೂ ಬಂದಿದ್ದರೆ ಕಣ್ಣಿಗೆ ತಗುಲುವ ಸಾಧ್ಯತೆ ಹೆಚ್ಚು, ಎರಡಕ್ಕೂ ಹೋಗುವ ನರ ಒಂದೇ.

ಕಾಯಬಹುದಾದವು ಕಡಿಮೆಯೇನಿಲ್ಲ. 2023ರ ಮಳೆಗಾಲದಲ್ಲಿ ಮನೆಮನೆಗೂ ಮದ್ರಾಸ್ ಐ ಬಂದಿತ್ತಲ್ಲ, ಅಂಥದ್ದು. ಕೆಂಪು, ಗೀಜು, ಕೊರೆತ, ಆದರೆ ಗೀಜು ಒರೆಸಿದರೆ ನೋಟ ಸ್ಪಷ್ಟ. ವೈರಸ್ಸಿನದಾದರೆ ಒಂದೆರಡು ವಾರಕ್ಕೆ ತಾನೇ ಹೋಗುತ್ತದೆ. ಟವೆಲ್ ಬೇರೆ ಇಟ್ಟುಕೊಳ್ಳಿ, ಕೈ ತೊಳೆಯುತ್ತಿರಿ. ಅದು ನೋಡುವುದರಿಂದ ಅಂಟುವುದಿಲ್ಲ, ಕೈಯಿಂದ ಅಂಟುತ್ತದೆ. ಕಪ್ಪು ಕನ್ನಡಕ ಹಾಕುವುದು ಬೆಳಕು ತಡೆಯಲಾಗದ್ದಕ್ಕೆ ಅಷ್ಟೇ. ರೆಪ್ಪೆ ಅಂಚಿನ ಕುರುವಿಗೆ ಬಿಸಿ ಬಟ್ಟೆಯ ಕಾವು ಸಾಕು, ಹಿಚುಕಬೇಡಿ. ಮೊಬೈಲ್ ನೋಡಿ ನೋಡಿ ಬರುವ ಉರಿ ಕಣ್ಣು ಮಿಟುಕಿಸುವುದನ್ನು ಮರೆತದ್ದಕ್ಕೆ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ಆಚೆಗಿನದನ್ನು ಇಪ್ಪತ್ತು ಸೆಕೆಂಡ್ ನೋಡಿ ಅನ್ನುತ್ತೇವೆ. ಹೈಸ್ಕೂಲ್ ಹುಡುಗರು ನಗುತ್ತಿದ್ದೀರಿ, ನಗಿ.

ಈಗ ಪ್ರಶ್ನೆಗಳು.

ಮುಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಎದ್ದು ನಿಂತು ಕೇಳಿದರು: "ನಮ್ ಕಾಲ್ದಲ್ಲಿ ಕಣ್ ನೋವು ಅಂದ್ರೆ ಎದೆಹಾಲು ಬುಡೋರು, ನಂದಿಬಟ್ಲು ಹೂವಿನ ರಸ ಬುಡೋರು. ಆಸ್ಪತ್ರೆಗೆಲ್ಲಿ ಹೋಯ್ತಿದ್ವು ಕಣವ್ವ? ಎಲ್ಲಾ ವಾಸಿ ಆಯ್ತಿತ್ತು."

ಆಗುತ್ತಿತ್ತು ಅಜ್ಜಿ, ಸುಳ್ಳಲ್ಲ. ತಾನಾಗಿ ವಾಸಿಯಾಗುವ ಕಣ್ಣು ನೋವೇ ಜಾಸ್ತಿ ಅಲ್ವಾ. ಅದು ಏನು ಬಿಟ್ಟರೂ ವಾಸಿಯಾಗುತ್ತದೆ, ಬಿಡದಿದ್ದರೂ ವಾಸಿಯಾಗುತ್ತದೆ. ತೊಂದರೆ ಇರುವುದು ಗರಿ ಗೀರಿದ ಕಣ್ಣಿಗೆ ಅದನ್ನು ಬಿಟ್ಟಾಗ. ಹಾಲಾಗಲಿ, ಹೂವಿನ ರಸವಾಗಲಿ, ಹರಳೆಣ್ಣೆಯಾಗಲಿ, ತೆರೆದ ಗಾಯಕ್ಕೆ ರೋಗಾಣುವನ್ನು ಒಯ್ದು ಬಿಡುತ್ತದೆ. ಕಣ್ಣಿನ ಕಸವನ್ನು ನಾಲಿಗೆಯಲ್ಲಿ ತೆಗೆಯುವವರ ವಿಷಯವೂ ಅಷ್ಟೇ. ಕಸ ಬರಬಹುದು, ಬಾಯಲ್ಲಿರುವುದು ಕಣ್ಣಿಗೆ ಹೋಗುತ್ತದೆ. ನಂದಿಬಟ್ಟಲು ಹೂವನ್ನು ದೇವರಿಗೆ ಮುಡಿಸಿ.

ಅಜ್ಜಿಗೆ ಪೂರ್ತಿ ಒಪ್ಪಿಗೆ ಆದಂತೆ ಕಾಣಲಿಲ್ಲ. "ನೋಡವ್ವ, ನೀನು ಓದಿರೋಳು" ಅಂದು ಕೂತರು.

ಡೇರಿಯ ಹುಡುಗನೊಬ್ಬ, ಅಪ್ಪನಿಗೆ ಬರೆದುಕೊಟ್ಟ ಡ್ರಾಪ್ಸ್ ಉಳಿದಿದೆ, ಬೇರೆಯವರು ಹಾಕಿಕೊಳ್ಳಬಹುದಾ ಅಂತ ಕೇಳಿದ. ಬೇಡಪ್ಪ. ಮುಚ್ಚಳ ತೆಗೆದ ದಿನವನ್ನು ಬಾಟಲಿ ಮೇಲೆ ಪೆನ್ನಿನಲ್ಲಿ ಬರೆದಿಡಿ, ತಿಂಗಳಾದ ಮೇಲೆ ಎಸೆಯಿರಿ. ಮೇಲೆ ಅಚ್ಚಾಗಿರುವ ಎಕ್ಸ್‌ಪೈರಿ ಮುಚ್ಚಳ ತೆಗೆಯದ ಬಾಟಲಿಗೆ.

"ರಾತ್ರಿ ಹೊತ್ನಲ್ಲಿ ಕಣ್ಗೆ ಪೆಟ್ಟಾದ್ರೆ ಎಲ್ಲಿಗೆ ಹೋಗ್ಬೇಕು ಡಾಕ್ಟ್ರಮ್ಮ, ಯಾರಿರ್ತಾರೆ?" ಅಂತ ಆಲೆಮನೆಯ ಯಜಮಾನರೊಬ್ಬರು ಕೇಳಿದರು. ಇದು ಕೇಳಲೇಬೇಕಾದ ಪ್ರಶ್ನೆ. ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿ ಕಣ್ಣಿನ ವಿಭಾಗ ಇದೆ, ಮೈಸೂರಿನಲ್ಲಿ ಕೆ. ಆರ್. ಆಸ್ಪತ್ರೆ ಇದೆ, ಬೆಂಗಳೂರಿನ ಮಿಂಟೋ ಬರೀ ಕಣ್ಣಿಗೇ ಇರುವ ಸರ್ಕಾರಿ ಆಸ್ಪತ್ರೆ. ರಾತ್ರಿಯಾದರೆ ನೇರ ಎಮರ್ಜೆನ್ಸಿಗೆ ಹೋಗಿ, ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಹೋಗುವಾಗ ಪೆಟ್ಟಾದ ಕಣ್ಣಿಗೆ ಹತ್ತಿ ಇಟ್ಟು ಬಿಗಿಯಾಗಿ ಕಟ್ಟಬೇಡಿ. ಕಾಫಿ ಕುಡಿಯುವ ಪೇಪರ್ ಕಪ್ಪನ್ನು ಅರ್ಧಕ್ಕೆ ಕತ್ತರಿಸಿ, ಕಣ್ಣಿನ ಸುತ್ತಿನ ಮೂಳೆ ಮೇಲೆ ಕೂರುವ ಹಾಗೆ ಇಟ್ಟು ಟೇಪ್ ಹಾಕಿ. ಏನಾದರೂ ಚುಚ್ಚಿಕೊಂಡಿದ್ದರೆ ಕೀಳಬೇಡಿ. ದಾರಿಯಲ್ಲಿ ತಿಂಡಿ, ಕಾಫಿ ಕೊಡಿಸಬೇಡಿ, ಆಪರೇಷನ್ ಬೇಕಾದರೆ ಖಾಲಿ ಹೊಟ್ಟೆ ಇರಬೇಕು. ಸಕ್ಕರೆ, ಬಿಪಿ ಮಾತ್ರೆಯ ಚೀಟಿ ಇಟ್ಟುಕೊಳ್ಳಿ. ಅಷ್ಟರಲ್ಲಿ ಕಣ್ಣಿಗೆ ಏನೇನು ಹಾಕಿದ್ದಿರೋ ಆ ಬಾಟಲಿಗಳನ್ನೆಲ್ಲ ಒಂದು ಕವರಿಗೆ ಹಾಕಿ ತನ್ನಿ. ಹೂವಿನ ರಸ ಬಿಟ್ಟಿದ್ದರೆ ಅದನ್ನೂ ಹೇಳಿ. ಡಾಕ್ಟರು ಬೈದರೆ ಬೈಸಿಕೊಳ್ಳಿ, ಆದರೆ ಮುಚ್ಚಿಡಬೇಡಿ.